ಮಲೆನಾಡಿನ ಹದಗೆಟ್ಟ ರಸ್ತೆಗೆ ಎಂಥ ಸಸ್ಪೆನ್ಷನ್ ಸೂಕ್ತ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ನಮ್ಮೂರಿನಿಂದ ವಯಸ್ಸಾದ ತಾಯಿಯವರನ್ನು ಬೆನ್ನುನೋವಿನ ಚಿಕಿತ್ಸೆಗಾಗಿ ಆಗಾಗ ಶಿವಮೊಗ್ಗಕ್ಕೆ ಕರೆದೊಯ್ಯಬೇಕಾಗುತ್ತದೆ. ಮಳೆಗೆ ಜಲ್ಲಿ ಕಿತ್ತುಬಂದ ರಸ್ತೆಯಲ್ಲಿ ಚಕ್ರ ಗುಂಡಿಗಿಳಿದಾಗಲೆಲ್ಲ ಅವರು ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದುಕೊಳ್ಳುವುದನ್ನು ನೋಡಲಾಗದೆ, ಸವೆದ ಶಾಕ್ ಅಬ್ಸಾರ್ಬರ್‌ಗಳ ಬದಲು ಅಡ್ಜಸ್ಟ್ ಮಾಡಬಹುದಾದ ಸಸ್ಪೆನ್ಷನ್ ಹಾಕಿಸಬೇಕೆಂದಿದ್ದೇನೆ. ಡ್ಯಾಂಪಿಂಗ್ (ಸ್ಪ್ರಿಂಗಿನ ಏರಿಳಿತವನ್ನು ಶಾಕ್ ಅಬ್ಸಾರ್ಬರ್ ತಡೆಯುವ ಬಿಗಿ) ಮೃದುವಾಗಿಸಿದರೆ ಕುಲುಕಾಟ ತಗ್ಗುತ್ತದೆ, ಆದರೆ ಆಗುಂಬೆ ಘಾಟಿಯ ತಿರುವುಗಳಲ್ಲಿ ಕಾರು ಹೆಚ್ಚು ವಾಲುತ್ತದೆ. ಎತ್ತರ ಹೆಚ್ಚಿಸಿದರೆ ಅಡಿಭಾಗ ನೆಲಕ್ಕೆ ತಗಲುವುದು ತಪ್ಪಿದರೂ, ವೀಲ್ ಅಲೈನ್‌ಮೆಂಟ್ ಹೊಸದಾಗಿ ಮಾಡಿಸಬೇಕು ಮತ್ತು ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್‌ನ ಜಾಯಿಂಟುಗಳು ಬೇಗ ಸವೆಯಬಹುದು. ನನಗೆ ಆರಾಮವೇ ಮುಖ್ಯ. ನಮ್ಮ ಕಡೆಯ ಕೆಸರಿಗೆ ಕಾಯಿಲ್‌ಓವರ್‌ನ (ಶಾಕ್ ಅಬ್ಸಾರ್ಬರ್ ಸುತ್ತ ಸ್ಪ್ರಿಂಗ್ ಇದ್ದು, ಥ್ರೆಡ್ ಮೇಲಿನ ರಿಂಗ್ ತಿರುಗಿಸಿ ಎತ್ತರ ಹೊಂದಿಸುವ ಬಗೆ) ಥ್ರೆಡ್ ತುಕ್ಕು ಹಿಡಿದು ಕಚ್ಚಿಕೊಳ್ಳುವುದೇ, ಡ್ಯಾಂಪಿಂಗ್ ಮಾತ್ರ ಹೊಂದಿಸುವ ಬಗೆಯೇ ಸಾಕೇ ಎಂಬುದನ್ನು ಮಲೆನಾಡಿನಲ್ಲಿ ಬಳಸಿ ಬಲ್ಲವರು ದಯವಿಟ್ಟು ತಿಳಿಸಿ. ಶಿವಮೊಗ್ಗದಲ್ಲಿ ಈ ಕೆಲಸ ಚೆನ್ನಾಗಿ ಮಾಡುವ ಗ್ಯಾರೇಜ್ ಇದ್ದರೆ ಅದನ್ನೂ ಸೂಚಿಸಬೇಕಾಗಿ ವಿನಂತಿ.