ಅಪ್‌ಡೇಟ್: ಬುದ್ಧ ಸರ್ಕ್ಯೂಟ್‌ನಲ್ಲಿ ಸ್ಪೋರ್ಟ್ಸ್ ಕಾರು ಓಡಿಸಿ ಬಂದೆ

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಣ್ಣ ಹ್ಯಾಚ್‌ಬ್ಯಾಕ್ ಬಿಟ್ಟು ಬೇರೇನನ್ನೂ ಓಡಿಸದ ನಾನು ಕಾರು ಕಂಪನಿಯೊಂದರ ಟ್ರ್ಯಾಕ್ ಡೇಗೆ (ರೇಸ್ ಟ್ರ್ಯಾಕಿನಲ್ಲಿ ಸಾಮಾನ್ಯರಿಗೂ ಕಾರು ಓಡಿಸಲು ಬಿಡುವ ದಿನ) ಹೋಗಬಹುದೇ, ಯಾವ ಬೂಟು ಹಾಕಿಕೊಳ್ಳಬೇಕು ಎಂದು ಕೇಳಿದ್ದೆ. ಹೋಗಿ ಬಂದೆ, ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ನಡೆದದ್ದು 2011ರಿಂದ 2013ರವರೆಗೆ ಫಾರ್ಮುಲಾ ಒನ್ ರೇಸುಗಳು ಜರುಗಿದ ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ. ಒಂದು ಸುತ್ತು 5 ಕಿಲೋಮೀಟರಿಗೂ ತುಸು ಹೆಚ್ಚು. ಪೆಡಲು ಕಾಲಿಗೆ ಚೆನ್ನಾಗಿ ತಿಳಿಯಲು ತೆಳು ಅಡಿಯ ಬೂಟು ಹಾಕಿಕೊಳ್ಳಿ ಎಂದವರ ಮಾತು ನಿಜವಾಯಿತು.

ನನ್ನನ್ನು ಬೆಚ್ಚಿಸಿದ್ದು ವೇಗವಲ್ಲ, ಬ್ರೇಕು. ಮೂರನೆಯ ತಿರುವಿನಿಂದ ನಾಲ್ಕನೆಯದರವರೆಗೆ ಒಂದು ಕಿಲೋಮೀಟರಿಗೂ ಮೀರಿದ ನೇರ ದಾರಿಯಿದ್ದು, ಅದರ ಕೊನೆಯಲ್ಲಿ ಇಟ್ಟಿದ್ದ ಕಿತ್ತಳೆ ಬಣ್ಣದ ಕೋನ್ ಕಾಣುತ್ತಲೇ ಪಕ್ಕದಲ್ಲಿ ಕುಳಿತಿದ್ದ ತರಬೇತುದಾರರು “ಈಗ!” ಎಂದಾಗ ನಾನು ಊರಿನ ಅಭ್ಯಾಸದಂತೆ ಪೆಡಲನ್ನು ಮೆಲ್ಲಗೆ ಒತ್ತಿದೆ, ಕಾರು ತಿರುವನ್ನು ದಾಟಿ ಹೋಗುವಂತಾಯಿತು. ಮೊದಲೇ ಗಟ್ಟಿಯಾಗಿ ತುಳಿದು, ಸ್ಟೀರಿಂಗ್ ತಿರುಗಿಸುತ್ತ ಹೋದಂತೆ ಕಾಲನ್ನು ಹಗುರ ಮಾಡಬೇಕು, ಏಕೆಂದರೆ ಬ್ರೇಕ್ ಹಾಕಿದಾಗ ಭಾರ ಮುಂದಿನ ಚಕ್ರಗಳ ಮೇಲೆ ಬಿದ್ದು ಅವುಗಳ ಹಿಡಿತ ಹೆಚ್ಚುತ್ತದೆ ಎಂದು ಅವರು ವಿವರಿಸಿದರು. ಇನ್ನೊಮ್ಮೆ ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟೆ. ಕಾರಿನ ಹಿಂಭಾಗ ಒಂದು ಕ್ಷಣ ಜಾರಿ, ಡ್ಯಾಶ್‌ಬೋರ್ಡಿನಲ್ಲಿ, ಜಾರುವ ಕಾರನ್ನು ಹಿಡಿದಿಡುವ ವ್ಯವಸ್ಥೆಯ ಹಳದಿ ದೀಪ ಮಿನುಗಿತು. (ಹೆಲ್ಮೆಟ್ ಇದ್ದುದರಿಂದ ನನ್ನ ಮುಖ ಯಾರಿಗೂ ಕಾಣಲಿಲ್ಲ.)

ಬ್ರೇಕು ತಣಿಯಲೆಂದು ಕೊನೆಯ ಸುತ್ತನ್ನು ನಿಧಾನವಾಗಿ ಓಡಿಸಿದೆವು. ಪಿಟ್‌ಗೆ (ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗ) ಬಂದು ಇಳಿದಾಗಲೂ ಸುಟ್ಟ ವಾಸನೆ ಬರುತ್ತಿತ್ತು, ನನ್ನ ಎಡಗೈ ಇನ್ನೂ ನಡುಗುತ್ತಿತ್ತು.