ಮಂಡಿ ಆಪರೇಷನ್, ಕೋಟಿಂಗ್, ಕೀವು: ಇವತ್ತು ಮೂಳೆ ಡಾಕ್ಟರ್‌ಗೆ ಕೇಳಿ

ಅಡ್ಮಿನ್: ನಮ್ಮ ಗುಂಪಿನಲ್ಲಿ ಮಂಡಿ ಕೀಲು ಬದಲಿಸಿಕೊಂಡವರು, ಕಾಲಿಗೆ ರಾಡು ಹಾಕಿಸಿಕೊಂಡವರು ಜಾಸ್ತಿ ಇದ್ದೀರಿ. ಇಂಪ್ಲಾಂಟಿಗೆ ಕೀವು ಹಿಡಿಯದ ಹಾಗೆ ಔಷಧಿ ಲೇಪನ ಬಂದಿದೆಯಂತೆ ಅಂತ ತುಂಬಾ ಜನ ಕೇಳಿದ್ದೀರಿ. ಮೈಸೂರಿನ ಮೂಳೆ ಡಾಕ್ಟರ್ ಒಬ್ಬರು ಇವತ್ತು ಸಂಜೆ ಉತ್ತರ ಕೊಡುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಕುವೆಂಪುನಗರ: ನಮಸ್ಕಾರ ಸರ್. ಅಪ್ಪನಿಗೆ ಎರಡೂ ಮಂಡಿ ಮಾಡಿಸಬೇಕು. ಗೋಲ್ಡ್ ಕೋಟಿಂಗ್ ಹಾಕಿಸಿದರೆ ಇನ್‌ಫೆಕ್ಷನ್ ಬರೋದೇ ಇಲ್ಲ ಅಂತಾರೆ. ನಿಜಾನಾ?

ಡಾಕ್ಟರ್: ಆ ಹಳದಿ ಬಣ್ಣ ಚಿನ್ನದ್ದಲ್ಲ. ಸಾಮಾನ್ಯವಾಗಿ ಟೈಟಾನಿಯಂ ನಯೋಬಿಯಂ ನೈಟ್ರೈಡ್ ಅನ್ನೋ ಗಟ್ಟಿ ಪದರ. ನಿಕ್ಕಲ್, ಕೋಬಾಲ್ಟ್ ಮೈಗೆ ಒಗ್ಗದವರಿಗೆ ಅಂತ, ಲೋಹ ಸವೆಯದಿರಲಿ ಅಂತ ಮಾಡಿದ್ದು. ಕೀವು ತಡೆಯೋಕೆ ಅಂತ ಹಾಕೋದಲ್ಲ. ಅಪ್ಪನಿಗೆ ಶುಗರ್ ಇದೆಯಾ? ಬೀಡಿ ಸೇದುತ್ತಾರಾ? ಅದು ಹೇಳಿ ಮೊದಲು.

ನಾಗಮಂಗಲ: ಹಾಗಾದರೆ ಕೀವು ತಡೆಯೋ ಕೋಟಿಂಗ್ ಅನ್ನೋದೇ ಇಲ್ವಾ ಸರ್?

ಡಾಕ್ಟರ್: ಇದೆ, ಒಂದೆರಡಲ್ಲ. ಮೊಣಕಾಲ ಕೆಳಗಿನ ಮೂಳೆ ಮುರಿದಾಗ ಹಾಕೋ ರಾಡಿಗೆ ಜೆಂಟಾಮೈಸಿನ್ ಅನ್ನೋ ಆಂಟಿಬಯೋಟಿಕ್ ಲೇಪಿಸಿ ಯುರೋಪಿನಲ್ಲಿ ಬಳಸಿದ್ದಾರೆ. ಮೂಳೆ ಕ್ಯಾನ್ಸರ್ ತೆಗೆದ ಜಾಗಕ್ಕೆ ಕೂರಿಸೋ ದೊಡ್ಡ ಕೀಲುಗಳಿಗೆ ಬೆಳ್ಳಿ ಲೇಪನ ಇದೆ. ಜಪಾನಿನಲ್ಲಿ ಅಯೋಡಿನ್ ಲೇಪಿಸಿದ್ದಾರೆ. ಮಂಡಿಗೆ ನಾವು ಮಾಮೂಲಿ ಬಳಸೋದು ಕೀಲನ್ನು ಮೂಳೆಗೆ ಕೂರಿಸೋ, ಔಷಧಿ ಬೆರೆಸಿದ ಮೂಳೆ ಸಿಮೆಂಟ್, 1970ರ ಹೊತ್ತಿಗೆ ಜರ್ಮನಿಯಲ್ಲಿ ಬುಖ್‌ಹೋಲ್ಟ್ಸ್ ಅನ್ನೋ ಸರ್ಜನ್ ಶುರು ಮಾಡಿದ್ದು. ದೊಡ್ಡ ಪರೀಕ್ಷೆಯಲ್ಲಿ ಗೆದ್ದಿರೋದು ಅಂದರೆ ಪೇಸ್‌ಮೇಕರ್ ಥರದ ಹೃದಯದ ಸಾಧನಗಳಿಗೆ ತೊಡಿಸೋ ಔಷಧಿ ಚೀಲ. 2019ರಲ್ಲಿ ಸುಮಾರು 7000 ಜನರ ಮೇಲಿನ ಫಲಿತಾಂಶ ಬಂತು, ದೊಡ್ಡ ಸೋಂಕು 100ಕ್ಕೆ 1.2 ಇದ್ದದ್ದು 0.7ಕ್ಕೆ ಇಳಿಯಿತು.

ಕಷ್ಟ ಎಲ್ಲಿದೆ ಅಂದರೆ, ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಇಂಪ್ಲಾಂಟ್ ಒಳಗೆ ಹೋದ ಕ್ಷಣದಿಂದ ಅದರ ಮೇಲೂ ಅದೇ ನಡೆಯುತ್ತದೆ. ನಮ್ಮ ಜೀವಕೋಶ ಮೊದಲು ಕೂತರೆ ನಾವು ಗೆದ್ದೆವು. ಬ್ಯಾಕ್ಟೀರಿಯಾ ಮೊದಲು ಕೂತರೆ ಅದು ಲೋಳೆ ಕಟ್ಟಿಕೊಳ್ಳುತ್ತೆ, ನೀರಿನ ತೊಟ್ಟಿಯ ಒಳಗೋಡೆಗೆ ಕೈಯಾಡಿಸಿದರೆ ಸಿಗುತ್ತಲ್ಲ, ಹಾಗೆ. ಆಮೇಲೆ ಮಾತ್ರೆ, ಇಂಜೆಕ್ಷನ್ ಅದರೊಳಗೆ ಸರಿಯಾಗಿ ಕೆಲಸ ಮಾಡಲ್ಲ. ಇದನ್ನು 1987ರಲ್ಲೇ ಅಮೆರಿಕದ ಗ್ರಿಸ್ಟಿನಾ ಅನ್ನೋ ಮೂಳೆ ಸರ್ಜನ್ ಬರೆದಿದ್ದಾರೆ. ಲೇಪನ ಬ್ಯಾಕ್ಟೀರಿಯಾವನ್ನು ಓಡಿಸಬೇಕು, ಆದರೆ ಮೂಳೆಯ ಕೋಶವನ್ನು ಓಡಿಸಬಾರದು. ಎರಡೂ ಒಟ್ಟಿಗೆ ಆಗೋದೇ ಕಷ್ಟ. ಇನ್ನೊಂದು, ಲೇಪನದ ಆಂಟಿಬಯೋಟಿಕ್ ಕೆಲವು ದಿನ, ಕೆಲವು ವಾರದಲ್ಲಿ ಮುಗಿದುಹೋಗುತ್ತೆ. ಮಂಡಿ 15-20 ವರ್ಷ ಇರಬೇಕು.

ಸರಸ್ವತಿಪುರಂ: ಬೆಳ್ಳಿ ಅಂದ್ರಲ್ಲ ಸರ್! ನಮ್ಮ ಹಿರಿಯರು ಇದನ್ನು ಯಾವತ್ತೋ ಹೇಳಿದ್ದಾರೆ. ರಾತ್ರಿ ಬೆಳ್ಳಿ ಲೋಟದಲ್ಲಿ ನೀರಿಟ್ಟು ಬೆಳಿಗ್ಗೆ ಕುಡಿದರೆ ಮೈಯೊಳಗಿನ ರಾಡು, ಪ್ಲೇಟಿಗೆ ಕೀವು ಹತ್ತಲ್ಲ. ನನಗೆ ಬಂದ ಮೆಸೇಜ್ ಕೆಳಗೆ ಹಾಕಿದ್ದೇನೆ.

ಡಾಕ್ಟರ್: ಲೋಟದ ನೀರು ಹೊಟ್ಟೆಗೆ ಹೋಗುತ್ತೆ, ಮಂಡಿಗೆ ಹೋಗಲ್ಲ. ಬೆಳ್ಳಿ ಮೈಗೆ ಜಾಸ್ತಿ ಸೇರಿದರೆ ಚರ್ಮ ನೀಲಿ ಬೂದಿ ಬಣ್ಣಕ್ಕೆ ತಿರುಗುತ್ತೆ, ಮತ್ತೆ ಹೋಗಲ್ಲ. ಬೆಳ್ಳಿ ದ್ರಾವಣ, ಭಸ್ಮ ಇದಕ್ಕಾಗಿ ಯಾರೂ ತಗೋಬೇಡಿ. ಆ ಮೆಸೇಜ್ ತೆಗೆಯಿರಿ.

ಪಾಂಡವಪುರ: ಸರ್, ಅಮ್ಮನಿಗೆ 64. ಎಡ ಮಂಡಿ ಆಪರೇಷನ್ ಆಗಿ ಇವತ್ತಿಗೆ 19 ದಿನ. ಹೊಲಿಗೆ ಬಿಚ್ಚಿದಾಗ ಗಾಯ ಒಣಗಿತ್ತು. ಮೊನ್ನೆಯಿಂದ ಕೆಳತುದಿಯಲ್ಲಿ ನೀರು ನೀರಾಗಿ ಜಿನುಗುತ್ತಿದೆ. ಬೆಳಿಗ್ಗೆ ಏಳುವಾಗ ನೈಟಿ ಅಲ್ಲಿಗೆ ಅಂಟಿಕೊಂಡಿರುತ್ತೆ, ಒಂದು ರೂಪಾಯಿ ನಾಣ್ಯದಷ್ಟು ಹಳದಿ ಕಲೆ. ಜ್ವರ ಇಲ್ಲ. ಮೆಡಿಕಲ್ ಸ್ಟೋರಿನವರು ಐದು ದಿನದ ಮಾತ್ರೆ ಕೊಟ್ಟಿದ್ದಾರೆ, ಎರಡು ನುಂಗಿದ್ದಾರೆ. ಜಾಸ್ತಿ ದುಡ್ಡು ಕೊಟ್ಟು ಕೋಟಿಂಗ್ ಇರೋದು ಹಾಕಿಸಬೇಕಿತ್ತಾ ಅಂತ ನನಗೆ ನಿದ್ದೆ ಬರುತ್ತಿಲ್ಲ.

ಮದ್ದೂರು: ಸರ್, ಅತ್ತೆಗೆ ಬದನೆಕಾಯಿ, ಮೊಟ್ಟೆ ನಂಜು ಅಂತ ಕೊಡ್ತಿಲ್ಲ. ಸರೀನಾ?

ಡಾಕ್ಟರ್: ಮೊಟ್ಟೆ ಕೊಡಿ. ಗಾಯ ಕೂಡಬೇಕು ಅಂದರೆ ಪ್ರೋಟೀನ್ ಬೇಕು.

ಪಾಂಡವಪುರದವರು, ಇಲ್ಲಿ ನೋಡಮ್ಮ. ಉಳಿದ ಪ್ರಶ್ನೆ ಕಾಯಲಿ. ಕೋಟಿಂಗ್ ಯೋಚನೆ ಬಿಟ್ಟುಬಿಡಿ. ನೀವು ತಪ್ಪು ಮಾಡಿಲ್ಲ, ಮಾಮೂಲಿ ಮಂಡಿ ಆಪರೇಷನ್‌ನಲ್ಲಿ ಅದನ್ನು ಹಾಕೋದು ರೂಢಿಯಲ್ಲೂ ಇಲ್ಲ. ಒಣಗಿದ್ದ ಗಾಯ 19ನೇ ದಿನ ಮತ್ತೆ ಒದ್ದೆಯಾಗಿದೆ ಅನ್ನೋದು ನನಗೆ ಚಿಂತೆ. ಜ್ವರ ಇಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಎಷ್ಟೋ ಮಂಡಿ ಸೋಂಕಿನಲ್ಲಿ ಜ್ವರ ಬರೋದೇ ಇಲ್ಲ.

ಈಗಲೇ ಆಪರೇಷನ್ ಮಾಡಿದ ಡಾಕ್ಟರ್‌ಗೆ ಫೋನ್ ಮಾಡಿ. ಸೋಮವಾರದ ಓಪಿಡಿಗೆ ಬನ್ನಿ ಅಂದರೆ ಒಪ್ಪಬೇಡಿ, ಇವತ್ತೇ ನೋಡಿ ಅನ್ನಿ. ಮಾತ್ರೆ ಯಾವುದು, ಎಷ್ಟು ನುಂಗಿದ್ದಾರೆ ಅಂತ ಹೇಳಿ, ಮಾತ್ರೆಯ ಸ್ಟ್ರಿಪ್ ಕೈಯಲ್ಲಿರಲಿ. ಮುಂದಿನ ಮಾತ್ರೆ ಅವರನ್ನು ಕೇಳಿಯೇ ಕೊಡಿ. ಯಾಕೆಂದರೆ ಮಂಡಿಯೊಳಗಿನ ನೀರು ಸೂಜಿಯಲ್ಲಿ ತೆಗೆದು ಯಾವ ಬ್ಯಾಕ್ಟೀರಿಯಾ ಅಂತ ನೋಡಬೇಕು. ಮೊದಲೇ ಮಾತ್ರೆ ಬಿದ್ದರೆ ಲ್ಯಾಬಿನಲ್ಲಿ ಏನೂ ಬೆಳೆಯದೇ ಇರಬಹುದು, ಒಳಗೆ ಮಾತ್ರ ಬೆಳೆಯುತ್ತಿರುತ್ತೆ. ಸಿಆರ್‌ಪಿ ಅಂತ, ಮೈಯೊಳಗೆ ಉರಿಯೂತ ಎಷ್ಟಿದೆ ಅಂತ ತೋರಿಸೋ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಆಪರೇಷನ್ ಆದ ಎರಡು ಮೂರು ದಿನಕ್ಕೆ ಅದು ಏರಿ, ಆಮೇಲೆ ಇಳಿಯುತ್ತಾ ಹೋಗಬೇಕು. ಇಳಿದದ್ದು ಮತ್ತೆ ಏರಿದ್ದರೆ ಅದೇ ಸುಳಿವು.

ಆತುರ ಯಾಕೆ ಅಂದರೆ, ಆಪರೇಷನ್ ಆಗಿ ತಿಂಗಳೊಳಗೆ, ಲೋಳೆ ಗಟ್ಟಿಯಾಗೋ ಮೊದಲು ಹಿಡಿದರೆ, ಮಂಡಿ ತೆರೆದು ಚೆನ್ನಾಗಿ ತೊಳೆದು, ನಡುವಿನ ಪ್ಲಾಸ್ಟಿಕ್ ತುಂಡು ಮಾತ್ರ ಬದಲಿಸಿ ಲೋಹವನ್ನು ಉಳಿಸಿಕೊಳ್ಳೋ ಅವಕಾಶ ಚೆನ್ನಾಗಿದೆ. ತಡವಾದರೆ ಬಹಳ ಸಲ ಎಲ್ಲಾ ಬಿಚ್ಚಿ, ಔಷಧಿ ಸಿಮೆಂಟಿನ ಅಚ್ಚು ಇಟ್ಟು, ವಾರಗಟ್ಟಲೆ ಇಂಜೆಕ್ಷನ್ ಕೊಟ್ಟು, ಮತ್ತೆ ಹೊಸ ಮಂಡಿ ಹಾಕಬೇಕಾಗುತ್ತೆ. ಚಳಿ ಜ್ವರ ಬಂದರೆ ಯಾವ ಫೋನಿಗೂ ಕಾಯಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ. ಅಮ್ಮನಿಗೆ ಶುಗರ್ ಇದೆಯಾ? ಗಾಯಕ್ಕೆ ಏನಾದರೂ ಹಚ್ಚಿದ್ದೀರಾ?

ಪಾಂಡವಪುರ: ಶುಗರ್ ಇದೆ ಸರ್. ಅರಿಶಿನ ಬೆಣ್ಣೆ ಎರಡು ದಿನ ಹಚ್ಚಿದ್ದೆವು, ಚಿಕ್ಕಮ್ಮ ಹೇಳಿದ್ದರು.

ಡಾಕ್ಟರ್: ಇನ್ನು ಹಚ್ಚಬೇಡಿ. ಒದ್ದೆ ಗಾಯದ ಕೆಳಗೆ ಕೀಲು ಇದೆ, ಅಲ್ಲಿಗೆ ದಾರಿ ತೆರೆದಿರಬಹುದು. ಒಣ ಗಾಜ್ ಇಟ್ಟು ಹೊರಡಿ.

ಸರಸ್ವತಿಪುರಂ: ಅರಿಶಿನ ಆಂಟಿಸೆಪ್ಟಿಕ್ ಅಲ್ವಾ ಸರ್? ಅದರಿಂದ ಯಾರೂ ಸತ್ತಿಲ್ಲ. ಎಲ್ಲಾ ನಿಮ್ಮ ಇಂಗ್ಲಿಷ್ ಔಷಧಿ ಕಂಪನಿಗಳ ಮಾತು.

ನಾಗಮಂಗಲ: ಸ್ವಾಮಿ, ಆ ಹೆಣ್ಣುಮಗಳು ಅಲ್ಲಿ ಅಳುತ್ತಿದ್ದಾಳೆ. ನನ್ನ ಭಾವನಿಗೆ ಪ್ಲೇಟ್ ಹಾಕಿದ ಕಾಲಿಗೆ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿಸಿದ್ದು ನಿಮ್ಮಂಥವರೇ. ಆರು ತಿಂಗಳು ಹಾಸಿಗೆ ಹಿಡಿದ.

ಸರಸ್ವತಿಪುರಂ: ನಿಮ್ಮ ಭಾವ ಪಥ್ಯ ಮಾಡಿರಲ್ಲ. ಮಾತು ನೋಡಿಕೊಂಡು ಆಡಿ.

ನಾಗಮಂಗಲ: ಪಥ್ಯದ ಮಾತು ನಮ್ಮಕ್ಕನ ಎದುರಿಗೆ ಬಂದು ಹೇಳಿ ನೋಡೋಣ. ಅಡ್ಮಿನ್, ಇವರನ್ನು ತೆಗೆಯುತ್ತೀರೋ ಇಲ್ಲವೋ?

ಶ್ರೀರಂಗಪಟ್ಟಣ: ಸರ್ ಆಯುಷ್ಮಾನ್ ಕಾರ್ಡಿನಲ್ಲಿ ಕೋಟಿಂಗ್ ಇರೋದು ಸಿಗುತ್ತಾ?

ಹುಣಸೂರು ರಸ್ತೆ: ಗೋಲ್ಡ್ ಮಂಡಿ ಹಾಕಿದರೆ ಇನ್‌ಫೆಕ್ಷನ್ ಬರಲ್ವಾ ಸರ್?

ಡಾಕ್ಟರ್: ಮೇಲೆ ಓದಿ.

ಕುವೆಂಪುನಗರ: ಅಪ್ಪನಿಗೆ ಶುಗರ್ ಇದೆ ಸರ್, ಮೂರು ತಿಂಗಳ ಸರಾಸರಿ ಲೆಕ್ಕ (HbA1c) 9.4. ಬೀಡಿ ಬಿಟ್ಟಿಲ್ಲ. ದುಡ್ಡು ರೆಡಿ ಇದೆ, ಮುಂದಿನ ವಾರ ಡೇಟ್ ಕೊಟ್ಟಿದ್ದಾರೆ.

ಡಾಕ್ಟರ್: ಡೇಟ್ ಮುಂದಕ್ಕೆ ಹಾಕಿಸಿ. 9.4ರಲ್ಲಿ ಮಂಡಿ ತೆರೆಯಬಾರದು. ಆ ಲೆಕ್ಕ 7.5ರ ಹತ್ತಿರಕ್ಕೆ ಬರಲಿ, ಬೀಡಿ ನಿಲ್ಲಲಿ, ಹಿಮ್ಮಡಿ ಒಡಕು ಇದ್ದರೆ ಅದು ಕೂಡಲಿ. ಗದ್ದೆ ಕೆಸರಿನಲ್ಲಿ ನಿಲ್ಲೋರ ಕಾಲು ನಾನು ಮೊದಲು ಬೆರಳ ಸಂದು ಬಿಡಿಸಿಯೇ ನೋಡೋದು. ಕೋಟಿಂಗಿಗೆ ಇಟ್ಟ ದುಡ್ಡು ಅಲ್ಲೇ ಇರಲಿ. ಅಂದಹಾಗೆ 2017ರ ಆಗಸ್ಟಿನಲ್ಲಿ ಮಂಡಿ ಇಂಪ್ಲಾಂಟಿನ ಬೆಲೆಗೆ ಸರ್ಕಾರ ಮಿತಿ ಹಾಕಿತ್ತು, ಬಿಲ್ಲಿನಲ್ಲಿ ಇಂಪ್ಲಾಂಟ್ ಬೆಲೆ ಬೇರೆಯಾಗಿ ಬರೆಸಿಕೊಳ್ಳಿ.

ಸರಸ್ವತಿಪುರಂ: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಅರಿಶಿನ

ಡಾಕ್ಟರ್: ಸಾಕು ಯಜಮಾನ್ರೇ. ಅರಿಶಿನ ಸಾರಿಗೆ ಹಾಕಿ. ಕೀಲಿನ ಮೇಲಿನ ತೆರೆದ ಗಾಯಕ್ಕೆ ಅಡುಗೆಮನೆ ಡಬ್ಬಿಯಿಂದ ತೆಗೆದ ಪುಡಿ ಹಾಕಿ ಅನ್ನೋ ಮಾತನ್ನು ಇಲ್ಲಿ ಇನ್ನೊಂದು ಸಲ ಬರೆದರೆ ನಾನು ಗುಂಪು ಬಿಡುತ್ತೇನೆ. ಓದಿದವರು ಯಾರೋ ಒಬ್ಬರು ಹಚ್ಚುತ್ತಾರೆ. ಅವರ ಮಂಡಿ ಬಿಚ್ಚಬೇಕಾದವನು ನಾನು.

ಅಡ್ಮಿನ್: ಸರಸ್ವತಿಪುರಂ, ನಾಗಮಂಗಲ ಇಬ್ಬರದ್ದೂ ಮ್ಯೂಟ್ ಮಾಡಿದ್ದೇನೆ.

ಪಾಂಡವಪುರ: ಸರ್, ಫೋನ್ ಮಾಡಿದೆ. ಈಗಲೇ ಬನ್ನಿ ಅಂದರು. ತಮ್ಮ ಕಾರು ತಂದಿದ್ದಾನೆ, ಶ್ರೀರಂಗಪಟ್ಟಣ ದಾಟಿದೆವು. ಅಲ್ಲಿ ನಾನು ಏನು ಕೇಳಬೇಕು?

ಡಾಕ್ಟರ್: ಒಳ್ಳೆಯದಮ್ಮ. ಏನೂ ತಿನ್ನಿಸಬೇಡಿ, ಆಪರೇಷನ್ ಇವತ್ತೇ ಆಗಬಹುದು. ಶುಗರ್ ಮಾತ್ರೆ ಎಷ್ಟು ಹೊತ್ತಿಗೆ ತಗೊಂಡರು ಅಂತ ಹೇಳಿ, ಬೆವರು ನಡುಕ ಬಂದರೆ ತಕ್ಷಣ ತಿಳಿಸಿ. ತೆರೆದು ತೊಳೆಯುತ್ತೇವೆ ಅಂದರೆ ಬೇರೆ ಬೇರೆ ಜಾಗದಿಂದ ಐದಾರು ಮಾಂಸದ ತುಣುಕು ಲ್ಯಾಬಿಗೆ ಕಳಿಸುತ್ತೀರಾ, ಎರಡು ವಾರ ಇಟ್ಟು ನೋಡುತ್ತಾರಾ ಅಂತ ಕೇಳಿ, ಕೆಲವು ಬ್ಯಾಕ್ಟೀರಿಯಾ ನಿಧಾನ ಬೆಳೆಯುತ್ತವೆ. ಪ್ಲಾಸ್ಟಿಕ್ ತುಂಡು ಬದಲಿಸುತ್ತೀರಾ ಅಂತಲೂ ಕೇಳಿ. ಆ ನೈಟಿ ಒಗೆಯಬೇಡಿ, ಕಲೆಯ ಫೋಟೋ ಆದರೂ ಅವರಿಗೆ ತೋರಿಸಿ.