ಒಂದೇ ಕೈಯಲ್ಲಿ ಆಡುವ ಗೇಮ್ ಕಂಟ್ರೋಲರ್ ಮಾಡುತ್ತಿದ್ದೇನೆ, ಎಲ್ಲಿ ಎಡವುತ್ತಿದ್ದೇನೆ?

ಅರ್ಧ_ಬ್ರೆಡ್‌ಬೋರ್ಡ್:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಕಳೆದ ವರ್ಷ ಬೈಕಿಂದ ಬಿದ್ದ. ಎಡಗೈ ಬೆರಳುಗಳಲ್ಲಿ ಬಲವೇ ಇಲ್ಲ, ಮೊಣಕೈ ಮಾತ್ರ ಆಡುತ್ತದೆ. ಬಲಗೈ, ಕಾಲು ಎಲ್ಲಾ ಸರಿ ಇವೆ. ಮುಂಚೆ ರಾತ್ರಿಯೆಲ್ಲಾ ರೇಸಿಂಗ್ ಗೇಮ್ ಆಡಿ ಅಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದವನು ಈಗ ಬೇರೆಯವರು ಆಡುವ ವಿಡಿಯೋ ನೋಡಿಕೊಂಡು ಕೂತಿರುತ್ತಾನೆ. ಅದಕ್ಕೇ ಅವನಿಗೆ ನಾನೇ ಒಂದು ಕಂಟ್ರೋಲರ್ ಮಾಡೋಣ ಅಂತ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ ಆರ್ಡುಯಿನೋ ಊನೋ (ಕೋಡ್ ಹಾಕಿ ನಡೆಸುವ ಸಣ್ಣ ಸರ್ಕ್ಯೂಟ್ ಬೋರ್ಡ್), ಒಂದು ಜಾಯ್‌ಸ್ಟಿಕ್ ಮಾಡ್ಯೂಲ್, ಹತ್ತು ಸಣ್ಣ ಬಟನ್ ತಂದೆ.

ತೊಂದರೆ ಮೂರು. ಕಂಪ್ಯೂಟರ್ ಇದನ್ನು ಗೇಮ್‌ಪ್ಯಾಡ್ ಅಂತ ಗುರುತಿಸುತ್ತಲೇ ಇಲ್ಲ. ಬಟನ್ ಹತ್ತಿರ ಬೆರಳು ತಂದರೆ ಸಾಕು, ಒತ್ತಿದ ಹಾಗೆ ತೋರಿಸುತ್ತದೆ, ನಿಜವಾಗಿ ಒತ್ತಿದರೆ ಎರಡೆರಡು ಸಲ ಬರುತ್ತದೆ. ಮೂರನೆಯದು, ಯಾವ ಬಟನ್ ಎಲ್ಲಿ ಇಡಬೇಕು ಅನ್ನುವುದೇ ಗೊತ್ತಾಗುತ್ತಿಲ್ಲ. 3ಡಿ ಪ್ರಿಂಟ್‌ಗೆ ಡಿಸೈನ್ ಮಾಡಲು ಕೂತರೆ ಅರ್ಧ ದಿನ ಸ್ಕ್ರೀನ್ ನೋಡಿಯೇ ಮುಗಿಯುತ್ತದೆ.

ಸೋಲ್ಡರ್_ಹೊಗೆ:

ಗುರು, ಮೊದಲನೆಯದು ನಿನ್ನ ತಪ್ಪಲ್ಲ, ಬೋರ್ಡ್‌ನದು. ಊನೋದ ಮುಖ್ಯ ಚಿಪ್‌ಗೆ ಯುಎಸ್‌ಬಿ ಮಾತಾಡಲು ಬರುವುದಿಲ್ಲ, ಪಕ್ಕದಲ್ಲಿರುವ ಇನ್ನೊಂದು ಚಿಪ್ ಅದರ ಪರವಾಗಿ ಸೀರಿಯಲ್ ಪೋರ್ಟ್ ಅಂತ ಹೇಳಿಕೊಳ್ಳುತ್ತದೆ ಅಷ್ಟೇ. ನಿನಗೆ ಬೇಕಾದದ್ದು ಪ್ರೊ ಮೈಕ್ರೋ, ಲಿಯೊನಾರ್ಡೊ ಅಥವಾ ರಾಸ್ಪ್‌ಬೆರಿ ಪೈ ಪಿಕೊ. ಇವು ಕೀಬೋರ್ಡ್, ಮೌಸ್, ಗೇಮ್‌ಪ್ಯಾಡ್ ಯಾವ ವೇಷ ಬೇಕಾದರೂ ಹಾಕುತ್ತವೆ. ನಾನಾದರೆ ಪಿಕೊ ತಗೊಳ್ಳುತ್ತೇನೆ. ಪ್ರೊ ಮೈಕ್ರೋದಲ್ಲಿ ಯುಎಸ್‌ಬಿ ಸಾಕೆಟ್ ಸ್ವಲ್ಪ ಜೋರಾಗಿ ಎಳೆದರೆ ಬೋರ್ಡಿಂದ ಕಿತ್ತುಕೊಂಡೇ ಬರುತ್ತದೆ, ನಾನು ಎರಡು ಹಾಳು ಮಾಡಿದ್ದೇನೆ.

ಬೆರಳು ತಂದರೆ ಒತ್ತಿದ ಹಾಗೆ ಆಗುವುದು ಯಾಕೆಂದರೆ ಬಟನ್ ಒತ್ತದಿದ್ದಾಗ ಪಿನ್ ಯಾವುದಕ್ಕೂ ಸೇರದೆ ಗಾಳಿಯಲ್ಲಿ ನೇತಾಡುತ್ತಿದೆ. ಕೋಡಿನಲ್ಲಿ ಪಿನ್‌ಗೆ ಇನ್‌ಪುಟ್ ಪುಲ್‌ಅಪ್ ಅಂತ ಕೊಡು, ಅದು ಪಿನ್ ಅನ್ನು ಒಳಗಿಂದಲೇ 1ಕ್ಕೆ ಎಳೆದು ಹಿಡಿಯುತ್ತದೆ. ಬಟನ್ನಿನ ಒಂದು ಕಾಲು ಪಿನ್‌ಗೆ, ಇನ್ನೊಂದು ಗ್ರೌಂಡ್‌ಗೆ. ಆಗ ಒತ್ತಿದರೆ 0, ಬಿಟ್ಟರೆ 1, ಉಲ್ಟಾ ಅಂತ ಗಾಬರಿ ಆಗಬೇಡ. ಎರಡೆರಡು ಸಲ ಬರುವುದು ಬೇರೆ ಕಥೆ. ಒತ್ತಿದಾಗ ಒಳಗಿನ ಲೋಹದ ತಗಡು ಕೆಲವು ಮಿಲಿಸೆಕೆಂಡ್ ಕುಣಿಯುತ್ತದೆ. ಒಂದು ಸಲ ಬದಲಾವಣೆ ಕಂಡ ಮೇಲೆ 5 ಮಿಲಿಸೆಕೆಂಡ್ ಆ ಬಟನ್ ಕಡೆ ನೋಡಲೇಬೇಡ, ಸರಿಯಾಗುತ್ತದೆ.

ಪಿಕೊ ತಂದರೆ ಜಾಯ್‌ಸ್ಟಿಕ್ ಮಾಡ್ಯೂಲ್ ಮೇಲೆ 5 ವೋಲ್ಟ್ ಅಂತ ಬರೆದಿದ್ದರೂ 3.3 ವೋಲ್ಟ್ ಪಿನ್‌ಗೇ ಹಾಕು. ಪಿಕೊ ಪಿನ್‌ಗಳು 5 ವೋಲ್ಟ್ ತಡೆಯುವುದಿಲ್ಲ. ಮತ್ತೆ ಕೇಬಲ್! ಡೇಟಾ ತಂತಿಯೇ ಇಲ್ಲದ ಬರೀ ಚಾರ್ಜಿಂಗ್ ಕೇಬಲ್ ಹಾಕಿಕೊಂಡು ಬೋರ್ಡ್ ಸತ್ತಿದೆ ಅಂತ ಒಂದು ಇಡೀ ಭಾನುವಾರ ಕಳೆದವನು ನಾನು.

ಹಳೇ_ರೇಡಿಯೋ:

ಮೇಲಿನವರು ಹೇಳಿದ್ದು ಸರಿ. ಆದರೆ ನಿಮ್ಮ ಮೂರನೇ ಪ್ರಶ್ನೆಯೇ ದೊಡ್ಡದು, ಅದನ್ನು ಕೊನೆಗೆ ಬರೆದಿದ್ದೀರಿ. ಕಂಪ್ಯೂಟರ್ ಮುಚ್ಚಿಡಿ. ಒಂದು ಚಪ್ಪಲಿ ಡಬ್ಬದ ರಟ್ಟು ತಗೊಳ್ಳಿ, ತಮ್ಮನ ಬಲಗೈ ಅದರ ಮೇಲೆ ಆರಾಮಾಗಿ ಇಡಿಸಿ, ಸುತ್ತ ಪೆನ್ಸಿಲ್ ಎಳೆಯಿರಿ. ಕಣ್ಣು ಮುಚ್ಚಿ ಬೆರಳು ಆಡಿಸಲು ಹೇಳಿ. ಬೆರಳು ತಾನಾಗಿ ಎಲ್ಲಿ ಬೀಳುತ್ತದೋ ಅಲ್ಲಿ ಬಟನ್. ಹೆಬ್ಬೆಟ್ಟಿಗೆ ಜಾಯ್‌ಸ್ಟಿಕ್. ಅವನು ಅರ್ಧ ಗಂಟೆ ಆಡಲಿ, ಯಾವ ಬೆರಳು ನೋಯುತ್ತದೆ ಕೇಳಿ, ಹೊಸ ರಟ್ಟು ಕತ್ತರಿಸಿ. ಐದಾರು ರಟ್ಟು ಹಾಳಾದರೂ ಖರ್ಚೇನೂ ಇಲ್ಲ ಅಲ್ವಾ?

ಎಲ್ಲಾ ಬಟನ್ನೂ ಒಂದೇ ಕೈಗೆ ಹೊರಿಸಬೇಡಿ. ಮೊಣಕೈಗೆ, ಕಾಲಿಗೆ ಬಟನ್ ಕೊಡಿ. ಅದಕ್ಕೆ ಎಲೆಕ್ಟ್ರಿಕಲ್ ಅಂಗಡಿಯ ಕಾಲಿಂಗ್ ಬೆಲ್ ಸ್ವಿಚ್ ತುಂಬಾ ಚೆನ್ನಾಗಿ ಆಗುತ್ತದೆ, ಒತ್ತಿದಾಗ ಮಾತ್ರ ಸೇರುತ್ತದೆ, ದೊಡ್ಡದಾಗಿದೆ, ಏಟು ತಡೆಯುತ್ತದೆ. ಮುಖ್ಯವಾದ ಮಾತು, ಈ ಸ್ವಿಚ್ಚುಗಳ ತಂತಿಯನ್ನು ಕಂಟ್ರೋಲರ್ ಡಬ್ಬದೊಳಗೆ ನೇರ ಬೆಸುಗೆ ಹಾಕಬೇಡಿ. ಡಬ್ಬದ ಹಿಂದೆ ನಾಲ್ಕೈದು 3.5 ಎಂಎಂ ಮೋನೋ ಜಾಕ್ ಕೂರಿಸಿ, ಹಳೇ ಹೆಡ್‌ಫೋನಿನ ಸೈಜೇ. 2018ರಲ್ಲಿ ಮೈಕ್ರೋಸಾಫ್ಟ್ ಅಂಗವೈಕಲ್ಯ ಇರುವ ಆಟಗಾರರಿಗೆ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ನಲ್ಲೂ ಇದೇ ಜಾಕ್. ಹಾಗಾಗಿ ನೀವು ಮಾಡಿದ ಸ್ವಿಚ್ ನಾಳೆ ಅದಕ್ಕೂ ಹೊಂದುತ್ತದೆ. ಮೇಜಿಗೆ ವೆಲ್ಕ್ರೋ ಅಂಟಿಸಿದರೆ ಸ್ವಿಚ್ಚನ್ನು ದಿನಕ್ಕೊಂದು ಕಡೆ ಇಟ್ಟು ನೋಡಬಹುದು.

ನಾಗರಬಾವಿ_ನೈಟ್‌ಶಿಫ್ಟ್:

ಕಾಲಿಗೆ ಅಂದರೆ ಹೊಲಿಗೆ ಮೆಷಿನ್ ಮೋಟರಿನ ಪೆಡಲ್ ಇದೆಯಲ್ಲ, ಅದನ್ನೇ ಆಕ್ಸಿಲರೇಟರ್ ಮಾಡಬಹುದು. ಒತ್ತಿದಷ್ಟು ಜಾಸ್ತಿ. ನಮ್ಮ ಅತ್ತೆ ಮನೆಯಲ್ಲಿ ಒಂದು ಸುಮ್ನೆ ಬಿದ್ದಿದೆ.

ಸೋಲ್ಡರ್_ಹೊಗೆ:

ಬೇಡ ಬ್ರೋ. ಅದು 230 ವೋಲ್ಟ್‌ಗೆ ಮಾಡಿದ್ದು, ಯಾರಾದರೂ ಮರೆತು ಗೋಡೆಗೆ ಸಿಕ್ಕಿಸಿದರೆ ಮುಗಿಯಿತು. ಬೇಕಾದರೆ ಅದರ ಹೊರಗಿನ ಡಬ್ಬ ಮಾತ್ರ ಇಟ್ಟುಕೊಂಡು ಒಳಗಿನದು, ವೈರು, ಪ್ಲಗ್ಗು ಎಲ್ಲಾ ಕಿತ್ತುಹಾಕಿ 10ಕೆ ಪೊಟೆನ್ಷಿಯೋಮೀಟರ್ (ರೇಡಿಯೋ ವಾಲ್ಯೂಮ್ ನಾಬ್ ಥರದ್ದು) ಕೂರಿಸು. ಪಿಕೊದಲ್ಲಿ ಹೊರಗೆ ಸಿಗುವ ಅನಲಾಗ್ ಪಿನ್ (ಬರೀ 0, 1 ಅಲ್ಲದೆ ಎಷ್ಟು ಒತ್ತಿದೆ ಅಂತ ಅಳೆಯುವುದು) ಮೂರೇ, ಜಾಯ್‌ಸ್ಟಿಕ್‌ಗೆ ಎರಡು, ಪೆಡಲಿಗೆ ಒಂದು. ಲೆಕ್ಕ ಸರಿಯಾಗಿ ಮುಗಿಯಿತು.

ಹಾಂ, ಇನ್ನೊಂದು. ಕೆಲವು ಗೇಮ್‌ಗಳು ಎಕ್ಸ್‌ಇನ್‌ಪುಟ್ ಪ್ಯಾಡ್ (ಎಕ್ಸ್‌ಬಾಕ್ಸ್ ಪ್ಯಾಡ್ ಮಾತಾಡುವ ರೀತಿಯದು) ಬಿಟ್ಟು ಬೇರೆ ಯಾವುದನ್ನೂ ಮೂಸುವುದಿಲ್ಲ. ಆಗ ಸ್ಟೀಮ್ ಅನ್ನುವ ಗೇಮ್ ಆ್ಯಪ್ ಮೂಲಕ ಗೇಮ್ ಶುರು ಮಾಡಿ ಅಲ್ಲೇ ಬಟನ್ ಹೊಂದಿಸು.

ಅರ್ಧ_ಬ್ರೆಡ್‌ಬೋರ್ಡ್:

ತುಂಬಾ ಥ್ಯಾಂಕ್ಸ್. ಪಿಕೊ ತಂದೆ, ಗುರುತಿಸಿತು! ಪುಲ್‌ಅಪ್ ಹಾಕಿದ ಮೇಲೆ ಬಟನ್ ದೆವ್ವವೂ ಹೋಯಿತು. ರಟ್ಟು ಈಗ ನಾಲ್ಕನೆಯದು. ನಾನು ಹ್ಯಾಂಡ್‌ಬ್ರೇಕ್ ಅನ್ನು ಕಿರುಬೆರಳಿಗೆ ಇಟ್ಟಿದ್ದೆ, ತಮ್ಮ ಅದನ್ನು ಕಿತ್ತು ಎಡ ಮೊಣಕೈ ಹತ್ತಿರ ಬೆಲ್ ಸ್ವಿಚ್ಚಿಗೆ ಹಾಕಿಸಿಕೊಂಡ. ಸ್ಟಿಕ್ ಬಿಟ್ಟಾಗಲೂ ಕಾರು ಸ್ವಲ್ಪ ಎಡಕ್ಕೆ ಎಳೆಯುತ್ತದೆ, ಇದಕ್ಕೇನು?

ಹಳೇ_ರೇಡಿಯೋ:

ಅಗ್ಗದ ಸ್ಟಿಕ್ ಬಿಟ್ಟಾಗ ಸರಿಯಾಗಿ ನಡುವೆ ನಿಲ್ಲುವುದಿಲ್ಲ. ಶುರುವಿನಲ್ಲಿ ಒಂದು ಸಲ ಓದಿ ಅದನ್ನೇ ನಡು ಅಂತ ಇಟ್ಟುಕೊಳ್ಳಿ, ಅದರ ಸುತ್ತ ಸ್ವಲ್ಪ ಜಾಗವನ್ನು ಸೊನ್ನೆ ಅಂತ ಬಿಡಿ. ದಿನ ಕಳೆದಂತೆ ಜಾಸ್ತಿ ಆದರೆ ಒಳಗಿನ ಪಟ್ಟಿ ಸವೆದಿದೆ, ಆಗ ಹಾಲ್ ಸೆನ್ಸರ್ ಇರುವ ಸ್ಟಿಕ್ ಹಾಕಿ. ಅದರಲ್ಲಿ ಆಯಸ್ಕಾಂತ ಇರುತ್ತದೆ, ಉಜ್ಜುವ ಪಟ್ಟಿ ಇರುವುದಿಲ್ಲ. ಆರನೇ ರಟ್ಟು ಆದ ಮೇಲೆ ಫೋಟೋ ಹಾಕಿ.